ಹೆಸರು ಕೊರೆದ ತಟ್ಟೆಗಳು

ಮಂಗಳೂರಿನಿಂದ ಬಿ.ಸಿ. ರೋಡಿಗೆ ಹೊರಟ ಸರ್ಕಾರಿ ಬಸ್ಸಿನಲ್ಲೇ ನನ್ನ ಹೊಟ್ಟೆಕಿಚ್ಚು ಶುರುವಾಯಿತು. ನಾವು ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದ ಆರು ಮಂದಿ, ಜೊತೆಗೆ ನಮ್ಮ ಮೇಡಂ. ಹುಡುಗಿಯರು ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಟಿಕೆಟ್ ಹರಿಸಿಕೊಂಡು ಕಿಟಕಿಯ ಪಕ್ಕ ಕೂತರು. ಹುಡುಗರು ನಾವಿಬ್ಬರು ನಲವತ್ತು ರೂಪಾಯಿ ಕೊಟ್ಟೂ ಬಾಗಿಲ ಬಳಿ ನೇತಾಡಿದೆವು. ಫೆಬ್ರವರಿಯ ಬೆಳಗ್ಗೆ ಎಂಟೂವರೆಗೇ ಬೆನ್ನು ಒದ್ದೆಯಾಗಿತ್ತು.

"ಲೇ ರಕ್ಷಿತ್, ನಿನ್ನ ಚೀಲ ಇಲ್ಲೆ ಕೊಡು, ನಾ ಹಿಡ್ಕೊಂತೀನಿ" ಎಂದಳು ಸಹನಾ. "ನಿನಗ ಜಾಗ ಸಿಗದಿದ್ರೂ ನಿನ್ನ ಚೀಲಕ್ಕರ ಸಿಗಲಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಉಪಾಯವಿರಲಿಲ್ಲ. ಸಹನಾ ಗದಗಿನವಳು, ನಮ್ಮ ತರಗತಿಗೆ ತಡವಾಗಿ ಬಂದು ಸೇರಿದವಳು. ಅವಳು ಬರುವ ಮೊದಲು ತರಗತಿಯಲ್ಲಿ ಮೊದಲನೆಯವನು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಈಗ ಕೇಳುತ್ತಿದ್ದರು. ಬೆಂಗಳೂರಿನಲ್ಲಿ ಒಂದು ತಿಂಗಳ ಸಮಕಾಲೀನ ಕಲಾ ಪ್ರದರ್ಶನವಿತ್ತು. ನಮ್ಮ ಕಾಲೇಜಿಗೆ ಅಲ್ಲಿ ಒಂದೇ ಜಾಗ. ಈ ಮೂರು ದಿನದ ತಿರುಗಾಟದ ಕೊನೆಗೆ ಅದು ಯಾರಿಗೆ ಎಂದು ತೀರ್ಮಾನವಾಗಲಿತ್ತು. ನನಗೆ ಆ ಜಾಗ ಬೇಕಿತ್ತು. ಸಹನಾಳಿಗೆ ಸಿಗಬಾರದು ಎಂಬುದು ಅದಕ್ಕಿಂತ ಹೆಚ್ಚು ಬೇಕಿತ್ತು.

ಬಿ.ಸಿ. ರೋಡಿನಲ್ಲಿ ಇಳಿದು, ಹೋಟೆಲಿನಲ್ಲಿ ಬನ್ಸ್ ತಿಂದು ಚಹಾ ಕುಡಿಯುವಾಗ ಮೇಡಂ ಕೆಲಸವನ್ನು ಮತ್ತೊಮ್ಮೆ ಹೇಳಿದರು. "ಚಂದದ ವಸ್ತು ಹುಡುಕ್ಬೇಡಿ. ಮನೆಯಲ್ಲಿ ದಿನಾ ಕೈ ತಾಗುವ ವಸ್ತು ಕೇಳಿ ತನ್ನಿ. ಅದು ಆ ಮನೆಗೆ ಹೇಗೆ ಬಂತು, ಯಾಕೆ ಇನ್ನೂ ಉಂಟು ಅಂತ ಕೇಳಿ. ಮೂರನೇ ದಿನ ಅದನ್ನು ಹೇಗೆ ಇಡ್ತೀರಿ ಅಂತ ನಾನು ನೋಡ್ತೇನೆ."

ಬಂಟ್ವಾಳದ ಹಳೆಯ ಪೇಟೆಗೆ ಅಲ್ಲಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ಕಿರಿದಾದ ರಸ್ತೆ, ಎರಡೂ ಬದಿ ಹಂಚಿನ ಅಂಗಡಿಗಳು, ಹಿಂಬದಿಗೆ ನೇತ್ರಾವತಿ. ಒಂದು ದಿನಸಿ ಅಂಗಡಿಯಲ್ಲಿ ನನಗೆ ಹಿತ್ತಾಳೆಯ ತಕ್ಕಡಿ ಕಂಡಿತು. ತಟ್ಟೆಗಳು ಸವೆದು ತೆಳ್ಳಗಾಗಿದ್ದವು, ಸರಪಳಿಯ ಕೊಂಡಿಗಳು ಚಿನ್ನದ ಹಾಗೆ ಹೊಳೆಯುತ್ತಿದ್ದವು. ಅಂಗಡಿಯ ಶೆಣೈ ಮಾಮ್ ಮಾತಿಲ್ಲದೆ ಅದನ್ನು ಕೆಳಗಿಳಿಸಿ ಕೊಟ್ಟರು. ನನಗೆ ಪ್ರದರ್ಶನದ ಬಾಗಿಲೇ ತೆರೆದಂತಾಯಿತು.

"ಇದರಲ್ಲಿ ದಿನಾ ತೂಗ್ತೀರಾ?" ಎಂದು ಮೇಡಂ ಅವರನ್ನು ಕೇಳಿದರು.

"ಎಂತ ದಿನಾ ಮಾರಾಯ್ರೆ! ಈಗ ಎಲ್ಲ ಕರೆಂಟಿನದ್ದು. ಇದು ಸುಮ್ಮನೆ ಚಂದಕ್ಕೆ ನೇತು ಹಾಕಿದ್ದು."

ಮೇಡಂ ನನ್ನ ಮುಖ ನೋಡಿದರು. ಆದರೂ ನಾನು ತಕ್ಕಡಿಯನ್ನು ಬಿಡಲಿಲ್ಲ, ಕೇಳಿಕೊಂಡು ಜೊತೆಗೆ ತಂದೆ. ಸಹನಾ ಆ ದಿನ ಏನನ್ನೂ ಹುಡುಕಲಿಲ್ಲ. ಮೂರು ಮನೆಗಳಲ್ಲಿ ಚಹಾ ಕುಡಿದು, ಒಂದು ಮನೆಯಲ್ಲಿ ಮಗುವಿಗೆ ತಲೆ ಬಾಚಿ, ಬರಿಗೈಯಲ್ಲಿ ಬಂದಳು. ರಾತ್ರಿ ಲಾಡ್ಜಿನಲ್ಲಿ ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ.

ಮರುದಿನ ಬೆಳ್ತಂಗಡಿಯ ಕಡೆಗೆ. ಬಿ.ಸಿ. ರೋಡಿನಿಂದ ಗುರುವಾಯನಕೆರೆಗೆ ಮೂವತ್ತೈದು ಕಿಲೋಮೀಟರಿನಷ್ಟು. ರಸ್ತೆ ಅಗಲ ಮಾಡುವ ಕೆಲಸದಿಂದಾಗಿ ಒಂದೂವರೆ ಗಂಟೆ ಹಿಡಿಯಿತು, ಇಳಿದಾಗ ಧೂಳಿಗೆ ಎಲ್ಲರ ಹುಬ್ಬೂ ಕೆಂಪಾಗಿತ್ತು. ಗುರುವಾಯನಕೆರೆಯಿಂದ ಒಳಗೆ ನಡೆದರೆ ನಮ್ಮ ಮನೆ. ಎರಡು ಕೋಣೆ, ಶೀಟಿನ ಮಾಡು, ಎದುರಿಗೆ ಚಾವಡಿ. ಅಪ್ಪ ಉಜಿರೆಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಾರೆ. ಅಮ್ಮ ಬೀಡಿ ಕಟ್ಟುತ್ತಾಳೆ. ಎಲ್ಲರಿಗೂ ಮಧ್ಯಾಹ್ನದ ಊಟ ನಮ್ಮಲ್ಲೇ ಎಂದು ನಾನೇ ಹೇಳಿದ್ದೆ. ಊರು ನನ್ನದು, ಭಾಷೆ ನನ್ನದು, ಇಲ್ಲಿ ಸಹನಾಳ ಆಟ ನಡೆಯುವುದಿಲ್ಲ ಎಂಬ ಧೈರ್ಯ ಒಳಗೊಳಗೇ ಇತ್ತು. ಅವಳಿಗೆ ತುಳುವಿನ ಒಂದಕ್ಷರ ಬರುವುದಿಲ್ಲ.

ಅಮ್ಮ ನನ್ನನ್ನು ಕಂಡು "ಒಣಸ್ ಆಂಡಾ?" ಎಂದು ರೂಢಿಯಂತೆ ಊಟ ವಿಚಾರಿಸಿ ಒಳಗೆ ಹೋದಳು. ಬಡಿಸುವಾಗ ನೋಡಿದರೆ ಎಲ್ಲರಿಗೂ ಕುಚ್ಚಲಕ್ಕಿ ಅನ್ನ, ಬಸಳೆ, ಒಣ ಸೀಗಡಿಯ ಚಟ್ನಿ. ಸಹನಾಳಿಗೆ ಮಾತ್ರ ಬಿಸಿಬಿಸಿ ನೀರ್ ದೋಸೆ, ತೆಂಗಿನಕಾಯಿ ಬೆಲ್ಲ.

"ನೀನು ಮೀನು ತಿನ್ನುದಿಲ್ಲ ಅಂತ ಇವ ಫೋನಲ್ಲಿ ಹೇಳಿದ. ದಪ್ಪ ಅನ್ನವೂ ನಿನಗೆ ಅಭ್ಯಾಸ ಇರ್ಲಿಕ್ಕಿಲ್ಲ ಅಲ್ವಾ ಮಗಾ?" ಎಂದು ಅಮ್ಮ ಅವಳ ತಟ್ಟೆಗೆ ಇನ್ನೆರಡು ದೋಸೆ ಹಾಕಿದಳು.

"ಸಾಕ್ ಸಾಕ್ ಅವ್ವಾ, ಹೊಟ್ಟಿ ಒಡದ್ ಹೋಗ್ತದ!"

ಅವ್ವಾ! ಬಂದು ಅರ್ಧ ಗಂಟೆಯಾಗಿಲ್ಲ, ನನ್ನ ಅಮ್ಮ ಅವಳಿಗೆ ಅವ್ವ. ನನಗೆ ನೀರ್ ದೋಸೆ ಎಂದರೆ ಪ್ರಾಣ ಎಂದು ಅಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ನಾನು ಅನ್ನವನ್ನು ಕಲಸಿ ಕಲಸಿ ತಣ್ಣಗೆ ಮಾಡಿದೆ.

ಊಟವಾದ ಮೇಲೆ ಉಳಿದವರು ಮೇಡಂ ಜೊತೆ ಅಕ್ಕಪಕ್ಕದ ಮನೆಗಳಿಗೆ ಹೋದರು. ಸಹನಾ ಪಾತ್ರೆ ತೊಳೆಯುತ್ತೇನೆಂದು ಹಿತ್ತಿಲ ನಳ್ಳಿಯ ಬಳಿ ಕೂತಳು. ನಾನು ಚಾವಡಿಯಲ್ಲಿ ಫೋನ್ ಚಾರ್ಜಿಗೆ ಹಾಕಿ, ತಕ್ಕಡಿಯ ಬಗ್ಗೆ ಬರೆಯಬೇಕಾದ ಟಿಪ್ಪಣಿಯನ್ನು ಯೋಚಿಸುತ್ತ ಒರಗಿದ್ದೆ. ಅವಳ ದನಿ ಅಲ್ಲಿಗೇ ಕೇಳುತ್ತಿತ್ತು.

"ಅವ್ವಾ, ಈ ತಾಟಿನ ಮ್ಯಾಲೆ ಗಿರಿಜಾ ಅಂತ ಐತಿ. ಇದರ ಮ್ಯಾಲೆ ಬಾಬು. ಈ ಲೋಟದಾಗ ಮತ್ತೊಬ್ರು. ಯಾರಿವರೆಲ್ಲಾ?"

ನಮ್ಮ ಮನೆಯ ಪಾತ್ರೆಗಳ ಅಂಚಿನಲ್ಲಿ ಹೆಸರುಗಳಿವೆ ಎಂಬುದು ನನಗೆ ಗೊತ್ತಿತ್ತು. ಯಾರ ಮನೆಯಲ್ಲಿಲ್ಲ? ಮದುವೆಗೋ ಗೃಹಪ್ರವೇಶಕ್ಕೋ ಸ್ಟೀಲ್ ಪಾತ್ರೆ ಕೊಡುವವರು ಅಂಗಡಿಯಲ್ಲೇ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿ ಕೊಡುತ್ತಾರೆ. ಅದನ್ನು ಓದುವವರುಂಟೇ? ಪಾತ್ರೆ ತೊಳೆದು ಗೊತ್ತಿದ್ದರಲ್ಲವೇ ನಾನು ಓದುವುದು.

ಅಮ್ಮ ನಳ್ಳಿಯ ಬಳಿ ಮಣೆ ಎಳೆದುಕೊಂಡು ಕೂತದ್ದು ಕೇಳಿಸಿತು. ಬೀಡಿ ಎಲೆ ಕತ್ತರಿಸುವ ಕತ್ತರಿಯ ಸದ್ದು. ಆಮೇಲೆ ಅವಳ ಮಾತು. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಪುಸ್ತಕ ಓದುವವಳ ಹಾಗೆ, ನಿಧಾನವಾಗಿ ಒಂದೊಂದು ಪಾತ್ರೆಯ ಬಗ್ಗೆಯೂ ಹೇಳತೊಡಗಿದಳು. ನಡುವೆ ಇಬ್ಬರೂ ನಗುತ್ತಿದ್ದರು. ನನ್ನ ಜೊತೆ ಅಮ್ಮ ಹಾಗೆ ನಕ್ಕದ್ದು ಯಾವಾಗ ಎಂದು ಯೋಚಿಸಿದರೆ ನೆನಪಾಗಲಿಲ್ಲ. ನಾನು ಟಿಪ್ಪಣಿ ಬಿಟ್ಟು ಗೋಡೆಗೆ ಕಿವಿ ಕೊಟ್ಟೆ.

"ಇದು ಲಲಿತಾ" ಎಂದಳು ಸಹನಾ.

ಲಲಿತಾ! ಅದು ನನ್ನ ತಟ್ಟೆ. ನಾನು ಅನ್ನ ತಿನ್ನಲು ಕಲಿತಂದಿನಿಂದ ಅದರಲ್ಲೇ ಉಣ್ಣುವುದು. ಲಲಿತಾ ಎಂಬುದು ಆ ತಟ್ಟೆ ಮಾಡಿದ ಕಂಪನಿಯ ಹೆಸರು ಎಂದೇ ನಾನು ಇಷ್ಟು ವರ್ಷವೂ ತಿಳಿದಿದ್ದೆ.

"ಲಲಿತ ನನ್ನ ಗೆಳತಿ" ಎಂದಳು ಅಮ್ಮ. ತಟ್ಟೆಗೆ ಅವಳು ಬಟ್ಟಲು ಎನ್ನುತ್ತಾಳೆ. "ನಾವಿಬ್ಬರು ವೇಣೂರಿನಲ್ಲಿ ಒಂದೇ ಚಾವಡಿಯಲ್ಲಿ ಕೂತು ಬೀಡಿ ಕಟ್ತಿದ್ದದ್ದು. ಅವಳಿಗೆ ಮದುವೆ ಆಗಿ ಮುಂಬೈಗೆ ಹೋಗ್ಲಿಕ್ಕೆ ಆಯ್ತು. ಹೋಗುವ ಮೊದಲು ಇಬ್ಬರೂ ಅಂಗಡಿಗೆ ಹೋಗಿ ಒಂದೇ ರೀತಿಯ ಎರಡು ಬಟ್ಟಲು ತಗೊಂಡೆವು. ಒಂದರಲ್ಲಿ ಅವಳ ಹೆಸರು, ಒಂದರಲ್ಲಿ ನನ್ನ ಹೆಸರು. ಮತ್ತೆ ಬದಲು ಮಾಡಿಕೊಂಡೆವು. ಈ ಮನೆಯಲ್ಲಿ ಸುಂದರಿ ಅಂತ ನನ್ನ ಹೆಸರು ಬರೆದ ಬಟ್ಟಲು ಇಲ್ಲ, ಬೇಕಾದ್ರೆ ಹುಡುಕು. ಅದು ಮುಂಬೈಯಲ್ಲಿ ಉಂಟು. ಅಲ್ಲಿ ಅವಳು ನನ್ನ ಬಟ್ಟಲಲ್ಲಿ ಉಣ್ತಾಳೆ ಅಂತ ನಾನು ಎಣಿಸ್ತೇನೆ. ಇಲ್ಲಿ ಅವಳದ್ದನ್ನು ನಾನು ಮಗನಿಗೆ ಕೊಟ್ಟೆ."

"ಫೋನ್ ಮಾಡ್ತೀರೇನ್ ಅವ್ವಾ ಆಕಿಗೆ?"

"ನಂಬರ್ ಇಲ್ಲ ಮಗಾ."

ನಳ್ಳಿಯ ನೀರಿನ ಸದ್ದು ನಿಂತಿತು. ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಇಪ್ಪತ್ತೆರಡು ವರ್ಷ ಆ ತಟ್ಟೆಯಲ್ಲಿ ಉಂಡವನು ನಾನು. ಹೇಳಿದ್ದು ಯಾರಿಗೆ? ಗದಗಿನಿಂದ ಬಂದ, ದೋಸೆ ತಿಂದ, ಸಂಜೆ ಹೊರಟುಹೋಗುವ ಹುಡುಗಿಗೆ. ಅದೂ ಕನ್ನಡದಲ್ಲಿ!

ಸಂಜೆ ಐದೂವರೆಯ ಬಸ್ಸಿಗೆ ನಾವು ಹೊರಟಾಗ ಸಹನಾಳ ಕೈಯಲ್ಲಿ ಒಂದು ಗೋಣಿಚೀಲವಿತ್ತು, ಅದರ ತುಂಬ ನಮ್ಮ ಮನೆಯ ತಟ್ಟೆ ಲೋಟಗಳು. ಅಮ್ಮ ರಸ್ತೆಯವರೆಗೆ ಬಂದು "ಜಾಗ್ರತೆ, ಹುಡುಗಿ ಒಬ್ಬಳೇ ಹೊರಬಾರದು, ನೀನು ಹಿಡ್ಕೊ" ಎಂದು ನನಗೆ ಹೇಳಿದಳು. ವೇಣೂರು ದಾಟಿ ಮೂಡುಬಿದಿರೆಯವರೆಗೆ ಆ ಚೀಲವನ್ನು ನಾನೇ ತೊಡೆಯ ಮೇಲಿಟ್ಟುಕೊಂಡೆ. ಪ್ರತಿ ತಿರುವಿನಲ್ಲೂ ಅದು ಸದ್ದು ಮಾಡುತ್ತಿತ್ತು. ಕಂಡಕ್ಟರ್ "ಯಾರ ಮದುವೆ?" ಎಂದು ಕೇಳಿದ. ನಾನು ಮುಖ ತಿರುಗಿಸಿದೆ.

ಮೂರನೆಯ ದಿನ ಬೆಳಗ್ಗೆ ಮಂಜು ಬಿದ್ದಿತ್ತು. ಸಾವಿರ ಕಂಬದ ಬಸದಿಯಲ್ಲಿ ಒಂದೊಂದು ಕಂಬದ ಕೆತ್ತನೆ ಒಂದೊಂದು ಥರ ಎಂದು ಮೇಡಂ ತೋರಿಸುತ್ತಿದ್ದರೂ ನನ್ನ ಕಣ್ಣಿಗೆ ಏನೂ ಹತ್ತಲಿಲ್ಲ. ಹತ್ತು ಗಂಟೆಗೆ ಪುತ್ತಿಗೆಗೆ ಹೋದೆವು. ಅಲ್ಲಿ ಮೇಡಂ ಅವರ ಗೆಳತಿಯ ಮನೆಗೆ ವಿಶಾಲವಾದ ಸಿಮೆಂಟಿನ ಅಂಗಳವಿತ್ತು. ಒಬ್ಬೊಬ್ಬರಿಗೆ ಒಂದು ಮೂಲೆ.

ನಾನು ತಕ್ಕಡಿಯನ್ನು ಮಾವಿನ ಕೊಂಬೆಗೆ ನೇತುಹಾಕಿ, ಒಂದು ತಟ್ಟೆಯಲ್ಲಿ ಮೊಬೈಲನ್ನೂ ಇನ್ನೊಂದರಲ್ಲಿ ಹಿಡಿ ಅಕ್ಕಿಯನ್ನೂ ಇಟ್ಟೆ. ಪಕ್ಕದಲ್ಲಿ ಎರಡು ಪುಟದ ಟಿಪ್ಪಣಿ. ಮೇಡಂ ಅದನ್ನು ಪೂರ್ತಿ ಓದಿದರು. "ಬರವಣಿಗೆ ಚೆನ್ನಾಗಿ ಉಂಟು ರಕ್ಷಿತ್" ಎಂದರು. ಬರವಣಿಗೆ! ನನಗೆ ಅಷ್ಟರಲ್ಲೇ ಅರ್ಥವಾಯಿತು.

ಸಹನಾ ಟಿಪ್ಪಣಿ ಬರೆದಿರಲಿಲ್ಲ. ಅಂಗಳದಲ್ಲಿ ಉದ್ದಕ್ಕೆ ಚಾಪೆ ಹಾಸಿ, ಊಟಕ್ಕೆ ಬಡಿಸುವ ಹಾಗೆ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದಳು. ಪ್ರತಿ ತಟ್ಟೆಯ ಬಲಕ್ಕೆ ಲೋಟ, ಲೋಟದಲ್ಲಿ ನೀರು. ಹೆಸರುಗಳು ಉಣ್ಣುವವರ ಕಡೆಗೆ ತಿರುಗಿದ್ದವು. ಗಿರಿಜಾ, ಬಾಬು, ಲಲಿತಾ, ಮತ್ತೆ ಯಾರ್‍ಯಾರೋ. ಲಲಿತಾ ತಟ್ಟೆಯ ಎದುರಿಗೆ, ಚಾಪೆಯ ಆಚೆ ಬದಿಯಲ್ಲಿ, ಬರೀ ಒಂದು ಲೋಟ ನೀರು, ತಟ್ಟೆಯಿಲ್ಲ. ಅಷ್ಟೇ. ಬಂದು ಕೂರಬೇಕಾದವರು ಕೈ ತೊಳೆಯಲು ಹೋಗಿದ್ದಾರೆ ಎನಿಸುತ್ತಿತ್ತು. ಮೇಡಂ ಅವರ ಗೆಳತಿ ಚಪ್ಪಲಿ ಕಳಚಿ ಚಾಪೆಯ ಬದಿಯಲ್ಲಿ ನಿಂತರು.

ಚೆನ್ನಾಗಿಲ್ಲ ಎನ್ನಲು ಒಂದಾದರೂ ತಪ್ಪು ಸಿಗುತ್ತದೆಯೇ ಎಂದು ನಾನು ಆ ಸಾಲನ್ನು ಎರಡು ಸಲ ಸುತ್ತಿದೆ. ಸಿಗಲಿಲ್ಲ.

"ಬೆಂಗಳೂರಿಗೆ ಸಹನಾಳದ್ದು ಹೋಗಲಿ" ಎಂದರು ಮೇಡಂ. "ಆದರೆ ಒಂದು ತಿಂಗಳು ಪಾತ್ರೆ ಅಲ್ಲಿ ಇರ್ಬೇಕಾಗ್ತದೆ. ಮನೆಯವರ ಒಪ್ಪಿಗೆ ಬೇಕು. ಒಪ್ಪದಿದ್ದರೆ ರಕ್ಷಿತ್‌ನದ್ದು ಕಳಿಸುವ."

ಸಹನಾ ಅಲ್ಲೇ ನನ್ನ ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಅವಳ ಬಳಿ ಅಮ್ಮನ ನಂಬರೂ ಇತ್ತು.

"ಅದಕ್ಕೇನು ಮಗಾ, ಇರ್ಲಿ. ನಮ್ಮಲ್ಲಿ ಬೇರೆ ಪಾತ್ರೆ ಉಂಟು" ಎಂದಳು ಅಮ್ಮ. ಬೆನ್ನಿಗೇ, "ಆದ್ರೆ ಆ ಲಲಿತನ ಬಟ್ಟಲು ನನ್ನದಲ್ಲ, ಮಗನಿಗೆ ಕೊಟ್ಟಾಗಿದೆ. ಅದಕ್ಕೆ ಅವನನ್ನೇ ಕೇಳ್ಬೇಕು."

ಎಲ್ಲರೂ ನನ್ನ ಕಡೆ ತಿರುಗಿದರು. ಆ ತಟ್ಟೆಯಿಲ್ಲದಿದ್ದರೆ ಅದು ಬರೀ ಪಾತ್ರೆಗಳ ಸಾಲು. ನನ್ನ ನಾಲಿಗೆಯ ತುದಿಗೆ "ಕೊಡುವುದಿಲ್ಲ" ಎಂಬ ಮಾತು ಬಂದಿತ್ತು. ಹೇಳಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಉಣ್ಣುವ ತಟ್ಟೆಯ ಮೇಲೆ ಯಾರಿಗೆ ತಾನೇ ಆಸೆಯಿರುವುದಿಲ್ಲ?

ಸಹನಾ ಬೇಡಿಕೊಳ್ಳಲಿಲ್ಲ. ನನ್ನ ಮುಖದಲ್ಲಿ ಏನು ಕಂಡಳೋ, ಬಗ್ಗಿ ತಟ್ಟೆಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು. "ನಿಂದ ಐತಿ. ತಗೋ."

ತಟ್ಟೆ ಬಿಸಿಲಿಗೆ ಕಾದಿತ್ತು. ನಾನು ಸಾಲಿನ ಕಡೆ ನೋಡಿದೆ. ಬಾಬುವಿನ ಪಕ್ಕ ಖಾಲಿ ಚಾಪೆ, ಎದುರುಬದುರು ಎರಡು ಲೋಟ ನೀರು. ಎಲ್ಲ ಕೆಟ್ಟುಹೋಗಿತ್ತು. ಒಳ್ಳೆಯ ಕೆಲಸ ಇನ್ನೊಬ್ಬರದ್ದಾದರೆ ಸಹಿಸಲಾರೆ, ಅದು ನಿಜ. ಆದರೆ ಅದು ನನ್ನ ಕೈಯಿಂದ ಕೆಟ್ಟು ಹೀಗೆ ಬಿದ್ದಿರುವುದನ್ನು ನೋಡುವುದು ಅದಕ್ಕಿಂತಲೂ ಕಷ್ಟವಾಯಿತು. ನಾನು ಕೂತು, ತಟ್ಟೆಯನ್ನು ಅದೇ ಜಾಗದಲ್ಲಿಟ್ಟು, ಹೆಸರನ್ನು ಉಣ್ಣುವವರ ಕಡೆಗೆ ತಿರುಗಿಸಿದೆ.

"ಒಂದು ಗೀರೂ ಬೀಳಬಾರದು" ಎಂದೆ.

"ಬಿದ್ರ ಹೊಡಿ ನನಗ" ಎಂದಳು ಸಹನಾ. ಅವಳ ಕಣ್ಣು ಒದ್ದೆಯಾಗಿತ್ತು. ನಾನು ತಕ್ಕಡಿ ಬಿಚ್ಚಲು ಹೋದೆ.

ಮೂಡುಬಿದಿರೆಯಿಂದ ಮಂಗಳೂರಿಗೆ ಖಾಸಗಿ ಬಸ್ಸು. ಇಲ್ಲಿ ಹುಡುಗಿಯರಿಗೂ ದುಡ್ಡೇ. ಅದೊಂದು ಸಣ್ಣ ಸಮಾಧಾನ. ಸಹನಾ ಕಿಟಕಿಗೆ ತಲೆ ಆನಿಸಿ ಎಡಪದವು ಬರುವುದರೊಳಗೆ ನಿದ್ದೆ ಹೋದಳು. ಚೀಲ ಮತ್ತೆ ನನ್ನ ತೊಡೆಯ ಮೇಲೆ. ಬಾಯಿ ಬಿಚ್ಚಿ ಒಂದೊಂದೇ ಪಾತ್ರೆಯನ್ನು ಹೊರಗೆಳೆದು ಹೆಸರು ಓದಿದೆ. ಲಲಿತಾ ಒಬ್ಬಳನ್ನು ಬಿಟ್ಟು ಉಳಿದವರು ಯಾರೆಂದು ನನಗೆ ತಿಳಿಯಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ಈ ಬಾಬು ಯಾರು?" ಎಂದು ತುಳುವಿನಲ್ಲೇ ಕೇಳಿದೆ.

"ಈಗ ನೆನಪಾಯಿತಾ ನಿನಗೆ?" ಎಂದು ಅಮ್ಮ ನಕ್ಕಳು. "ನನಗೆ ಬೀಡಿ ಮುಗಿಸಲಿಕ್ಕೆ ಉಂಟು. ಆ ಹುಡುಗಿಗೆ ಎಲ್ಲ ಹೇಳಿದ್ದೇನೆ, ಅವಳನ್ನೇ ಕೇಳು." ಫೋನ್ ಇಟ್ಟೇಬಿಟ್ಟಳು.

ಕೇಳಬಾರದು ಎಂದುಕೊಂಡೆ. ಆಮೇಲೆ ಸಹನಾಳ ಭುಜ ತಟ್ಟಿ ಎಬ್ಬಿಸಿದೆ.

"ಬಾಬು?" ಎಂದು ಅವಳು ಕಣ್ಣುಜ್ಜಿದಳು. "ನಿಮ್ಮಪ್ಪಗ ನಿಮ್ಮವ್ವನ್ನ ತೋರಿಸಿದವ್ರಲ್ಲೋ! ನಿನಗ ಗೊತ್ತಿಲ್ಲೇನು?"

ಗೊತ್ತಿಲ್ಲ ಎಂದೆ. ಅವಳು ಎದ್ದು ಸರಿಯಾಗಿ ಕೂತು, ತಟ್ಟೆಯನ್ನು ಕೈಗೆ ತೆಗೆದುಕೊಂಡು, ನನ್ನ ಮನೆಯ ಕಥೆಯನ್ನು ಗದಗಿನ ಮಾತಿನಲ್ಲಿ ನನಗೆ ಹೇಳತೊಡಗಿದಳು. ಕೈಕಂಬ ದಾಟಿ ಮಂಗಳೂರು ಬರುವವರೆಗೂ ಹೇಳಿದಳು. ನಾನು ಒಂದು ಮಾತೂ ಬಿಡದೆ ಕೇಳಿದೆ, ಉದ್ದಕ್ಕೂ ಹೊಟ್ಟೆ ಉರಿಯುತ್ತಲೇ ಇತ್ತು.