ಕವಿತೆಗೆ ಬಂದ ಉತ್ತರ

ಮಗಳನ್ನು ಊಟಕ್ಕೆ ಕರೆಯುವ ತಾಯಿಯ ಕವಿತೆಯೊಂದನ್ನು ಭಾನುವಾರದ ಪೇಪರಿನಿಂದ ಗಟ್ಟಿಯಾಗಿ ಓದಿ ಮುಗಿಸಿದ್ದೆ ಅಷ್ಟೆ. ಎದುರಿಗೆ ಕೂತಿದ್ದ ನಾದಿನಿ, "ಆಯಿ, ಆನು ಬತ್ನಿಲ್ಲೆ. ಇನ್ನು ಕಾಯಡ, ನೀ ಉಣ್ಣು" ಎಂದಳು. ತಾನು ಬರುವುದಿಲ್ಲವೆಂದು ಕವಿತೆಯ ಮಗಳೇ ತಾಯಿಗೆ ಹೇಳಿದ ಹಾಗಿತ್ತು. ಜ್ವರದಲ್ಲಿ ಹೋದ ತನ್ನ ಮಗಳ ಬಗ್ಗೆ ಅವಳು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

"ಎಂತ ಹೇಳಿದ್ಯೇ?" ಎಂದೆ.

"ತಾಳಮದ್ದಲೆಲಿ ಪದ ಮುಗಿದ ಮೇಲೆ ಎದುರಿನವ್ವು ಉತ್ತರ ಕೊಡವು ಅಲ್ದಾ ಅತ್ತಿಗೆ" ಎಂದು ಕಣ್ಣೊರೆಸಿಕೊಂಡಳು. ಭಾಗವತರ ಪದಕ್ಕೆ ಪಾತ್ರವಾಗಿ ಕೂತವರು ಮಾತಿನಲ್ಲೇ ಉತ್ತರಿಸುವ ತಾಳಮದ್ದಲೆಯನ್ನು ಸಿದ್ದಾಪುರದಲ್ಲಿ ಕೇಳುತ್ತಲೇ ಬೆಳೆದವಳು ಅವಳು.

ಕಾನ್ವೆಂಟ್‌ನಲ್ಲಿ ನಮಗೆ ಪೊಯೆಟ್ರಿ ಅಂದರೆ ನೆಟ್ಟಗೆ ನಿಂತು ರಿಸೈಟ್ ಮಾಡಿ, ಥ್ಯಾಂಕ್ಯೂ ಹೇಳಿ ಕೂರುವುದು. ಈಗ ಕವಿತೆ ಓದಿದ ಮೇಲೆ ತಲೆಯೆತ್ತಿ ಕಾಯುತ್ತೇನೆ. ಉತ್ತರ ಕೊಡಬೇಕಾದವರು ಎದುರಿಗೇ ಕೂತಿರಬಹುದು.