ರಾಯರ ಗಾಡಿಯ ಓವರ್‌ಡ್ರೈವ್ ಮುರಿದವನು

ಫಕೀರಪ್ಪ, ರಾಯರ ಗಾಡಿಗೆ ರಿವರ್ಸ್ ಹಾಕಿದವನು ನಾನು. ಅವತ್ತು ನೀನು ಕೇಳಿದಾಗ ಇಲ್ಲ ಎಂದೆ. ಇಷ್ಟು ವರ್ಷವೂ ಇಲ್ಲ ಎನ್ನುತ್ತಲೇ ಬಂದೆ. ಆ ಓವರ್‌ಡ್ರೈವ್ ಮುರಿದದ್ದು ನಿನ್ನ ವಾಯರಿಂಗಿನಿಂದಲ್ಲ — ನನ್ನ ಕೈಯಿಂದ.

ಈ ಕೈ ಅಂತಿಂಥ ಕೈಯಲ್ಲ, ಅದನ್ನು ಇವತ್ತೂ ಹೇಳುತ್ತೇನೆ. ಐದನೆಯ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಹಾನಗಲ್ಲಿನಲ್ಲಿ ನಾಲ್ಕು ತಗಡು ನಿಲ್ಲಿಸಿ ಗ್ಯಾರೇಜು ಮಾಡಿದೆ. ಶಿಗ್ಗಾಂವಿಯ ಟ್ರ್ಯಾಕ್ಟರ್, ಹಿರೇಕೆರೂರಿನ ಟೆಂಪೊ, ತಿಳವಳ್ಳಿಯಿಂದ ಭತ್ತ ಹೇರಿಕೊಂಡು ಬರುವ ಲಾರಿ — ತಿರುವಿನಲ್ಲಿ ಸಪ್ಪಳ ಕೇಳಿದರೆ ಸಾಕು, ಯಾವ ಗೇರಿನ ಹಲ್ಲು ಸವೆದಿದೆ ಎಂದು ಹೇಳುತ್ತಿದ್ದೆ. ತಪ್ಪಿದ್ದು ಕಡಿಮೆ. ಬೇರೆಯವರು ಕೈಚೆಲ್ಲಿದ ಗಾಡಿಗಳು ನನ್ನ ಬಾಗಿಲಿಗೆ ಬರುತ್ತಿದ್ದವು. ಆ ಹೆಮ್ಮೆ ಸುಳ್ಳಲ್ಲ. ಆದರೆ ಅದನ್ನು ಉಳಿಸಿಕೊಳ್ಳಲು ನಾನು —

ಮೊದಲಿನಿಂದ ಹೇಳುತ್ತೇನೆ.

ಸವಣೂರಿನ ವಕೀಲ ರಾಯರು ತಮ್ಮ ತಂದೆಯ ಕಾಲದ ಪರದೇಶದ ಕಾರು ತಂದಿದ್ದರು. ನಾಲ್ಕು ಗೇರು, ಅವುಗಳ ಮೇಲೆ ಓವರ್‌ಡ್ರೈವ್. ಸ್ಟೇರಿಂಗಿನ ಪಕ್ಕದ ಸ್ವಿಚ್ ಒತ್ತಿದರೆ ಗೇರ್‌ಬಾಕ್ಸಿನ ಹಿಂದಿನ ಪೆಟ್ಟಿಗೆ ಹಿಡಿದುಕೊಳ್ಳಬೇಕು. ಗಾಡಿ ಅದೇ ವೇಗದಲ್ಲಿ ಓಡುತ್ತಿದ್ದರೂ ಇಂಜಿನ್ ಹಗುರಾಗಬೇಕು. ಅದು ಹಿಡಿಯುತ್ತಿರಲಿಲ್ಲ. ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ರಾಯರ ಎದುರು ಹಾಗೆನ್ನಲು ನಾಲಿಗೆ ಏಳಲಿಲ್ಲ. ಹುಬ್ಬಳ್ಳಿಯಲ್ಲಿ ಹಳೆಯ ಕಾರುಗಳ ಕರೆಂಟು ಕೆಲಸ ಕಲಿತು ಬಂದವನೆಂದು ಶಿಗ್ಗಾಂವಿಯಿಂದ ನಿನ್ನನ್ನು ಕರೆಸಿದೆ.

ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿ ಇಬ್ಬರೂ ಗಾಡಿಯಡಿಗೆ ತೂರಿದೆವು.

"ಎಣ್ಣಿ ಕಡಿಮಿ ಆಗೇತಿ, ಅದಕ್ಕ ಹಿಡ್ಯಾಕ ಒಲ್ಲದು. ಬಿಚ್ಚೂಣು," ಎಂದೆ ನಾನು.

"ಎಣ್ಣಿ ನೋಡು, ಬ್ಯಾಡ ಅನ್ನೂದಿಲ್ಲ. ಪೆಟಗಿ ಬಿಚ್ಚಬ್ಯಾಡಣ್ಣ. ಕರೆಂಟ್ ಅಲ್ಲೀ ಮಟ ಬರತೈತೋ ಇಲ್ಲೋ, ಅದನ್ನ ಮೊದ್ಲ ನೋಡೂಣು," ಎಂದೆ ನೀನು. "ನಿನ್ನ ಕೈಯಾಗ ಪಾನಾ ಬಂತಂದ್ರ ಬಿಚ್ಚೂದೊಂದ ಚಟ."

ಎಣ್ಣೆ ಸರಿಯಿತ್ತು. ನೀನು ಬಲ್ಬು ಹಚ್ಚಿ ತಂತಿಯ ಗುಂಟ ಹುಡುಕುತ್ತ ಬಂದೆ. ಗೇರ್‌ಬಾಕ್ಸಿನ ಮುಚ್ಚಳದ ಮೇಲಿನ ಸಣ್ಣ ಸ್ವಿಚ್ಚಿನಲ್ಲಿ ಕರೆಂಟು ನಿಂತುಹೋಗಿತ್ತು. ನೀನೇ ಅದನ್ನು ಉಜ್ಜಿ ಕೂಡಿಸಿದೆ. ಆಡೂರಿನ ರಸ್ತೆಗೆ ಒಯ್ದು ನಾಲ್ಕನೆಯ ಗೇರಿನಲ್ಲಿ ಒತ್ತಿದರೆ — ಹಿಡಿಯಿತು. ಆದರೆ ಸ್ವಿಚ್ ತೆಗೆದರೂ ಬಿಡಲಿಲ್ಲ. ಬಹಳ ದಿನ ಅಲುಗದೆ ಕುಳಿತಿದ್ದ ಒಳಗಿನ ಭಾಗ ಅಂಟಿಕೊಂಡಿತ್ತು.

ಗ್ಯಾರೇಜಿನ ಮುಂದೆ ನಿಲ್ಲಿಸಿ ನೀನು ಹೇಳಿದ ಮಾತು: "ಅಣ್ಣ, ಇದು ಬಿಡೂ ಮಟ ರಿವರ್ಸ್ ಹಾಕಬ್ಯಾಡ. ಒಳಗ ಒಂದ ದಿಕ್ಕಿಗಷ್ಟ ತಿರಗೂ ಕ್ಲಚ್ ಐತಿ, ಚೂರಾಗತೈತಿ. ಆರಿದ ಮ್ಯಾಲ ಕಟಗಿ ಕೊಡತಿಲೆ ಮೆತ್ತಗ ಬಡದ್ರ ಬಿಡತೈತಿ. ನಾ ಊಟಾ ಮಾಡಿ ಬರ್ತೇನಿ."

ನಮ್ಮ ಗ್ಯಾರೇಜಿನ ಪದ್ಧತಿ ನಿನಗೆ ಗೊತ್ತು. ರಿಪೇರಿಯಾದ ಗಾಡಿ ಮೂತಿ ಮುಂದಾಗಿಯೇ ಹೊರಬೀಳಬೇಕು. ಹಿಂದಕ್ಕೆ ಸರಿದು ಹೋದ ಗಾಡಿ ಮತ್ತೆ ರಿಪೇರಿಗೇ ಬರುತ್ತದೆ ಎಂದು ನನ್ನ ಗುರು ಕಲಿಸಿದ್ದ. ಅದಕ್ಕೇ ಪ್ರತಿ ಗಾಡಿಯನ್ನೂ ರಿವರ್ಸಿನಲ್ಲಿಯೇ, ಕೆಳಗಿಳಿದು ಕೆಲಸ ಮಾಡುವ ಗುಂಡಿಯ ಮೇಲೆ ತರುತ್ತಿದ್ದೆ. ಅವತ್ತು ತಳ್ಳಿ ತರಬಹುದಿತ್ತು. ತಳ್ಳಲು ಕೈ ಹಚ್ಚಿಯೂ ಇದ್ದೆ. ಕಟ್ಟೆಯ ಮೇಲಿದ್ದ ಟ್ರ್ಯಾಕ್ಟರ್ ಡ್ರೈವರುಗಳಲ್ಲಿ ಒಬ್ಬ, "ಏನ ಮಿಸ್ತ್ರಿ, ಕೈಗಾಡಿ ಧಂದೆ ಚಾಲೂ ಮಾಡೀಯೇನು?" ಎಂದ. ಉಳಿದವರು ನಕ್ಕರು.

ಒಳಗೆ ಕುಳಿತು ರಿವರ್ಸ್ ಹಾಕಿದೆ. ಮರೆತಲ್ಲ — ನಿನ್ನ ಮಾತು ನೆನಪಿತ್ತು. ನಿನ್ನ ಮಾತಿಗಿಂತ ನನ್ನ ಕೈ ದೊಡ್ಡದು ಎಂದುಕೊಂಡೆ. ಗುಂಡಿಯ ಅಂಚಿಗೆ ಬರುವಷ್ಟರಲ್ಲಿ ಕೆಳಗೆ ಕಬ್ಬಿಣ ಮುರಿಯಿತು. ಏನಾಯಿತೆಂದು ಇಳಿದು ನೋಡಬೇಕಾಗಿರಲಿಲ್ಲ.

ಡ್ರೈವರುಗಳು ಎದ್ದು ಹೋದ ಮೇಲೆ ನೀನೂ ರಾಯರೂ ಒಟ್ಟಿಗೇ ಬಂದಿರಿ. ಗುಂಡಿಯ ಮೇಲೆ ನಿಂತ ಗಾಡಿ ನೋಡಿ ನೀನು ಕೇಳಿದೆ, "ರಿವರ್ಸ್ ಹಾಕೀಯೇನಣ್ಣ?"

"ಇಲ್ಲ. ಮಂದಿ ಕೂಡಿ ನೂಕೇವಿ."

ಅಷ್ಟಕ್ಕೇ ನಿಲ್ಲಿಸಿದ್ದರೂ — ನಿಲ್ಲಿಸಲಿಲ್ಲ. ರಾಯರ ಕಡೆ ತಿರುಗಿ, "ವಾಯರಿಂಗ್ ತಪ್ಪ ಮಾಡ್ಯಾನ್ರಿ. ಬಿಡದಂಗ ಹಿಡಕೊಂಡು ಒಳಗ ಮುರದೈತ್ರಿ," ಎಂದೆ.

"ಈರಣ್ಣ ಸುಳ್ಳು ಹೇಳೋ ಮನುಷ್ಯ ಅಲ್ಲ, ಫಕೀರಪ್ಪ," ಎಂದರು ರಾಯರು.

ನೀನು ನನ್ನ ಮುಖವನ್ನೇ ನೋಡಿದೆ. ಬಲ್ಬು ಚೀಲಕ್ಕೆ ಹಾಕಿಕೊಂಡು ನಡೆದೆ.

ಮುರಿದದ್ದನ್ನು ಬೆಸುಗೆ ಹಾಕಿ, ಗಾಡಿ ಬರೀ ನಾಲ್ಕು ಗೇರಿನಲ್ಲಿ ಓಡುವಂತೆ ಮಾಡಿಕೊಟ್ಟೆ. ಒಳ್ಳೆಯ ಕೆಲಸವೇ — ಇವತ್ತಿಗೂ ಓಡುತ್ತಿದೆ. ರಾಯರು ಹೋದಲ್ಲೆಲ್ಲ ನನ್ನನ್ನು ಹೊಗಳಿದರು, ಅದೇ ಬಾಯಿಂದ ನಿನ್ನ ಕಥೆಯನ್ನೂ ಹೇಳಿದರು. ಶಿಗ್ಗಾಂವಿಯ ಚಹಾದಂಗಡಿಯಲ್ಲಿ ನೀನು 'ಗೇರ್ ಮುರಕ ಫಕೀರಪ್ಪ' ಆದೆ. ಕಾರಿನವರು ನಿನ್ನ ಬಾಗಿಲಿಗೆ ಬರುವುದು ನಿಂತಿತು. ನೀನು ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತಲು ಕುಳಿತೆ. ಆ ಅಡ್ಡಹೆಸರು ಕೇಳಿ ಒಮ್ಮೆ ನಾನೂ ನಕ್ಕಿದ್ದೇನೆ — ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟವಾಯಿತು.

ಮೊನ್ನೆ ರಾಯರು ಬಂದರು. ಪರದೇಶದಿಂದ ಓವರ್‌ಡ್ರೈವಿನ ಇಡೀ ಪೆಟ್ಟಿಗೆ ತರಿಸಿದ್ದರು. "ಈರಣ್ಣ, ಇದನ್ನ ನೀನೇ ಕೂಡಿಸಬೇಕು. ವಾಯರಿಂಗಿಗೆ ಆ ಫಕೀರಪ್ಪನ್ನ ಮಾತ್ರ ಕರೀಬ್ಯಾಡ."

ಆ ಪೆಟ್ಟಿಗೆ ಮುಟ್ಟಿ ನೋಡಿದೆ. ಎಂಥ ಕೆಲಸ ಅದು! ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಅದನ್ನು ಕೂಡಿಸುವ ಕೈ ನನ್ನದೇ. ಸುಮ್ಮನಿದ್ದರೆ ಕೆಲಸ ನನ್ನದಾಗುತ್ತಿತ್ತು, ಹೆಸರೂ ಉಳಿಯುತ್ತಿತ್ತು.

"ಅವ ಮುರದಿಲ್ರಿ. ನಾ ಮುರದೇನ್ರಿ," ಎಂದೆ.

"ಎಷ್ಟು ಮಂದಿ ಮುಂದ ಅವನ ಹೆಸರು ಕೆಡಿಸೇನಿ ನಾನು," ಎಂದರು ರಾಯರು, ನನಗಲ್ಲ, ತಮಗೇ ಹೇಳಿಕೊಂಡಂತೆ. ನನ್ನನ್ನು ಬೈಯಲಿಲ್ಲ. ಪೆಟ್ಟಿಗೆಯನ್ನು ತಿರುಗಿ ಡಿಕ್ಕಿಯಲ್ಲಿ ಇಟ್ಟುಕೊಂಡರು. "ಇದಕ್ಕ ಯಾರು ಕೈ ಹಚ್ಚಬೇಕು ಅಂತ ಫಕೀರಪ್ಪನೇ ಹೇಳಲಿ."

ಸಂತೆಯ ದಿನ ಶಿಗ್ಗಾಂವಿಗೆ ಬರುತ್ತೇನೆ. ಮೊದಲು ಆ ಚಹಾದಂಗಡಿಗೆ — ನಿನಗೆ ಹೆಸರಿಟ್ಟವರ ಎದುರು ನಿಂತು, ನಡೆದದ್ದನ್ನು ನನ್ನ ಬಾಯಿಂದಲೇ ಹೇಳುತ್ತೇನೆ. ಅವರು ನಗಲಿ. ಆಮೇಲೆ ನಿನ್ನ ಅಂಗಡಿಗೆ. ನೀನು ಕುಂದರು ಎಂದರೆ ಕೂರುತ್ತೇನೆ. ಹೋಗು ಎಂದರೆ, ಒಂದು ಮಾತೂ ಆಡದೆ ಹೋಗುತ್ತೇನೆ.