ಬಲಗಡೆಯ ಬಾಗಿಲು

ಹೋದ ವಾರ ನಮ್ಮ ಹಳೆಯ ಕಾರನ್ನು ರಾಣೆಬೆನ್ನೂರಿನ ಗ್ಯಾರೇಜಿಗೆ ಒಯ್ದಿದ್ದೆ. ಮೆಕ್ಯಾನಿಕ್ ಹಿಂದಿನ ಸೀಟಿನಲ್ಲಿ ಕೂತು ಬಲಬಾಗಿಲಿನ ಹಿಡಿಕೆಯನ್ನು ಎಳೆದ. ತೆರೆಯಲಿಲ್ಲ. ಮತ್ತೆ ಎಳೆದ. ಒಳಗಿನಿಂದ ಬಾಗಿಲು ತೆರೆಯದಂತೆ ಸಣ್ಣ ಮಕ್ಕಳಿರುವವರು ಹಾಕಿಕೊಳ್ಳುವ ಲಾಕ್ ಅದು. “ಮಗಳು ದೊಡ್ಡಾಕಿ ಆಗ್ಯಾಳಲ್ರಿ, ತಗದಬಿಡ್ಲೇನ್ರಿ?” ಎಂದು ಕೇಳಿದ. ಬೇಡ ಎಂದೆ. ನನ್ನ ದನಿ ಯಾಕೆ ಅಷ್ಟು ಗಟ್ಟಿಯಾಯಿತೋ, ಅವನು ತಿರುಗಿ ನೋಡಿದ. ಆ ಹಿಡಿಕೆಯ ಸಪ್ಪಳಕ್ಕೆ ಎದುರುಮನೆಯ ಅಕ್ಕೋರು ನೆನಪಾಗಿದ್ದರು...

ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಇವರು ನೌಕರಿಯಿಂದ ನಿವೃತ್ತರಾಗಿ ನಮ್ಮ ಓಣಿಗೆ ಬಂದು ಒಬ್ಬರೇ ಇದ್ದರು. ಅಂಜುವ ಜೀವವಲ್ಲ. ಓಣಿಯಲ್ಲಿ ಹಾವು ಕಂಡರೆ ಗಂಡಸರು ಹಿಂದೆ ಸರಿದಾಗ ಕೋಲು ಹಿಡಿದು ಬರುತ್ತಿದ್ದವರು ಅವರೇ. ನಮ್ಮ ಕಾರಿನಲ್ಲಿ ಬಂದರೆ ದಾರಿಯುದ್ದಕ್ಕೂ ಆರಾಮಾಗಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಕಾರು ನಿಂತಿತೋ, ಮುಖ ಬಿಳಿಚಿಕೊಳ್ಳುತ್ತಿತ್ತು. ಜನ ಕಾರು ಓಡುವಾಗ ಅಂಜುತ್ತಾರೆ, ಅಕ್ಕೋರು ನಿಂತಾಗ ಅಂಜುತ್ತಿದ್ದರು.

ತಿರುವಿನಲ್ಲಿ ನಿಲ್ಲಿಸಬೇಡ, ಬಸ್ಸು ಹೊರಳುವ ಕಡೆ ಬೇಡ, ಗಾಲಿ ಪೂರ್ತಿ ರಸ್ತೆಯ ಅಂಚಿಗೆ ಬರಲಿ ಎಂದು ನಮ್ಮ ಮನೆಯವರಿಗೆ ಹೇಳುತ್ತಲೇ ಇರುತ್ತಿದ್ದರು. ನೋ ಪಾರ್ಕಿಂಗ್ ಬೋರ್ಡಿನ ಕೆಳಗೆ ನಿಲ್ಲಿಸಿದರಂತೂ ಇಳಿಯುತ್ತಲೇ ಇರಲಿಲ್ಲ. ಪೊಲೀಸರಿಗೆ ಅಂಜುತ್ತಾರೆ ಎಂದು ನಾವಿಬ್ಬರೂ ಮನೆಗೆ ಬಂದು ನಗುತ್ತಿದ್ದೆವು.

ಮಗಳು ಆಗ ಶಾಲೆಯಲ್ಲಿ ಒಂದನೆಯ ಇಯತ್ತೆ. ವರ್ಷದ ಖಾರಪುಡಿಗೆ ಮೆಣಸಿನಕಾಯಿ ತರಲು ಅಕ್ಕೋರನ್ನೂ ಕರೆದುಕೊಂಡು ಬ್ಯಾಡಗಿಗೆ ಹೋಗಿದ್ದೆವು. ಸುಗ್ಗಿಯ ದಿನಗಳು. ಮಾರುಕಟ್ಟೆಯ ರಸ್ತೆಯ ತುಂಬ ಲಾರಿ, ಟ್ರ್ಯಾಕ್ಟರು. ಅಕ್ಕೋರು ಆಚೆಯ ಬಯಲನ್ನು ತೋರಿಸಿ ಅಲ್ಲಿ ನಿಲ್ಲಿಸು ಎಂದರು. “ಎರಡ ನಿಮಿಷದ ಕೆಲಸ ಐತ್ರಿ ಅಕ್ಕೋರ, ಬಿಸಲಾಗ ಅಲ್ಲಿಂದ ಯಾರ ನಡೀಬೇಕು?” ಎಂದು ನಮ್ಮ ಮನೆಯವರು ಎರಡು ಲಾರಿಗಳ ನಡುವೆ ಕಾರನ್ನು ತೂರಿಸಿದರು. ಅರ್ಧ ಕಾರು ರಸ್ತೆಯಲ್ಲೇ ಉಳಿಯಿತು. ಅವರು ಇಳಿದು ಅಂಗಡಿಗೆ ಹೋದರು. ನಾನು ಮುಂದೆ ಕೂತಿದ್ದೆ. ಹಿಂದೆ ಎಡಕ್ಕೆ ಅಕ್ಕೋರು, ಬಲಕ್ಕೆ ಮಗಳು.

ಮೆಣಸಿನಕಾಯಿಯ ಘಾಟಿಗೆ ಮಗಳು ಕೆಮ್ಮತೊಡಗಿದಳು. ನೀರಿನ ಬಾಟಲಿಗಾಗಿ ನಾನು ಬಗ್ಗಿದೆ. ಅಪ್ಪನ ಹತ್ತಿರ ಹೋಗುತ್ತೇನೆ ಎಂದು ಅವಳು ಹಿಡಿಕೆ ಎಳೆದದ್ದು ನನಗೆ ಕಾಣಲಿಲ್ಲ. ಕಂಡದ್ದು ಅಕ್ಕೋರು ಅವಳ ಮೇಲೆ ಬಿದ್ದು ಬಾಗಿಲನ್ನು ಒಳಕ್ಕೆ ಜಗ್ಗಿದ್ದು. ಅದೇ ಗಳಿಗೆಗೆ ಒಂದು ಬೈಕಿನ ಹ್ಯಾಂಡಲ್ ನಮ್ಮ ಬಾಗಿಲನ್ನು ಕೆರೆದುಕೊಂಡು ಹೋಯಿತು. ಗಂಡ, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಕೂಸು. ಬೈಕು ಓಲಾಡಿತು. ಅವನು ಕಾಲು ಊರಿ ಸಾವರಿಸಿಕೊಂಡು ಮುಂದೆ ಹೋದ. ಅವರ ಬೆನ್ನಿಗೇ ಚೀಲ ಹೇರಿದ ಟ್ರ್ಯಾಕ್ಟರು ನಮ್ಮ ಗಾಜು ನಡುಗಿಸುತ್ತ ದಾಟಿತು. ಬಾಗಿಲು ಇನ್ನೂ ಗೇಣಿನಷ್ಟು ತೆರೆದಿದ್ದರೆ...

ಕೈ ನೋಯಿತೆಂದು ಮಗಳು ಅಳುತ್ತಿದ್ದಳು. ಅಕ್ಕೋರು ಹಿಡಿಕೆ ಬಿಟ್ಟಿರಲಿಲ್ಲ. ನಾನು ಇಳಿದು ಎಡಬಾಗಿಲಿನಿಂದ ಒಳಗೆ ಬಗ್ಗಿ, ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬೆವರಿನಲ್ಲಿ ತೊಯ್ದಿದ್ದವು.

“ನಾನೂ ಹಿಂಗ ಒಮ್ಮೆ ಬಾಗಿಲಾ ತಗದಿದ್ನಿ, ತಂಗಿ,” ಎಂದರು.

ಹರೆಯದಲ್ಲಿ ಸೋದರಮಾವನ ಕಾರಿನಲ್ಲಿ ಮದುವೆಯ ಜವಳಿಗೆಂದು ಹಾವೇರಿಗೆ ಹೋಗಿದ್ದರಂತೆ. ಕಾರು ನಿಂತ ಕೂಡಲೇ, ಹಿಂದೆ ನೋಡದೆ, ರಸ್ತೆಯ ಕಡೆಯ ಬಾಗಿಲು ತೆರೆದರು. ಸೈಕಲ್ಲಿನ ಮೇಲೆ ಬರುತ್ತಿದ್ದವನೊಬ್ಬ ಅದಕ್ಕೆ ಬಡಿದು ರಸ್ತೆಗೆ ಬಿದ್ದ. ಹಿಂದೆ ಲಾರಿ ಇತ್ತು. ಅವನು ಘಂಟಿ ಬಾರಿಸಿದ್ದು ಇವರಿಗೆ ಕೇಳಿಸಿತ್ತು. ಯಾರಿಗೋ ಬಾರಿಸುತ್ತಿದ್ದಾನೆ ಅಂದುಕೊಂಡಿದ್ದರು...

“ಕೇಸ್ ಆಗಿದ್ದು ಲಾರಿ ಡ್ರೈವರನ ಮ್ಯಾಲೆ. ನನ್ನ ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.”

ನಾನು ಅವರ ಕೈ ಹಿಡಿದು ಕೂತೆ. ನಮ್ಮ ಮನೆಯವರು ಬಂದು ನಮ್ಮ ಮುಖ ನೋಡಿ ಗಾಬರಿಯಾದರು. ಬೈಕಿನ ವಿಷಯವಷ್ಟೇ ಹೇಳಿದೆ. ಅವರು ಕೂಡಲೇ ಕಾರನ್ನು ಬಯಲಿಗೆ ಒಯ್ದು ನಿಲ್ಲಿಸಿದರು. ಊರಿಗೆ ಮರಳಿದ ಮೇಲೆ ಆ ಲಾಕ್ ಹಾಕಿದೆವು.

ಅಕ್ಕೋರು ಮತ್ತೆ ಕಾರು ಹತ್ತಲಿಲ್ಲ. ಅವರ ಅಂಜಿಕೆ ಮಾತ್ರ ನನ್ನೊಳಗೆ ಬಂದು ಕೂತಿತು. ಈಗ ಕಾರು ಓಡಿಸುವವಳು ನಾನೇ. ನಿಲ್ಲಿಸಿ, ಕನ್ನಡಿ ನೋಡಿ, ಕತ್ತು ಹೊರಳಿಸಿ ನೋಡಿ, ಮತ್ತೆ ಕನ್ನಡಿ ನೋಡುತ್ತೇನೆ. ಆದರೂ ಬಾಗಿಲಿಗೆ ಕೈ ಹಚ್ಚಿದರೆ ಯಾರೋ ಘಂಟಿ ಬಾರಿಸಿದಂತಾಗುತ್ತದೆ...

ಕಾಯಿಲೆ ಬಿದ್ದಾಗ ಅಕ್ಕೋರನ್ನು ಗುತ್ತಲದಲ್ಲಿದ್ದ ಅವರ ತಂಗಿ ಕರೆದೊಯ್ದರು. ತೀರಿಕೊಂಡದ್ದೂ ಅಲ್ಲೇ. ಆ ದಿನ ನಮ್ಮ ಮನೆಯವರು, ಯಾರೂ ಹೇಳದಿದ್ದರೂ, ಕಾರನ್ನು ಊರ ಅಂಚಿನ ಬಯಲಿನಲ್ಲಿ ಬಿಟ್ಟರು. ಬಿಸಿಲಿನಲ್ಲಿ ನಡೆದು ಹೋಗಿ ಮುಖ ನೋಡಿ ಬಂದೆವು.

ಬ್ಯಾಡಗಿಯ ಆ ಕೂಸು ಈಗ ಹೈಸ್ಕೂಲಿಗೆ ಹೋಗುತ್ತಿರಬೇಕು. ಆ ಗಂಡ ಹೆಂಡತಿ ಯಾವ ಊರಿನವರೋ, ಏನು ತಪ್ಪಿತೆಂದು ಅವರಿಗೇ ಗೊತ್ತಿಲ್ಲ. ಸೈಕಲ್ಲಿನವನನ್ನು ಸಾಯುವತನಕ ಮರೆಯದ ಅಕ್ಕೋರಿಗೆ, ನಿಮ್ಮಿಂದ ಮೂವರು ಮನೆ ಮುಟ್ಟಿದರು ಎಂದು ಯಾರೂ ಹೇಳಲಿಲ್ಲ. ನನಗೆ ಈ ಮಾತು ಹೊಳೆದದ್ದು ಈಗ. ಕೇಳಿಸಿಕೊಳ್ಳಲು ಅವರಿಲ್ಲ.